ಅಪ್ಪ ಓದಿದ ಇಪ್ಪತ್ತಾರು ಸಂಪುಟ

ಅಕ್ಕಾ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದನ್ನು ನಿಧಾನವಾಗಿ ಓದು. ಇಬ್ಬರೂ ಬದುಕಿದ್ದಾರೆ. ಉದ್ದಣ್ಣನೂ ಸಾಯಲಿಲ್ಲ, ಗುಂಗುರೂ ಸಾಯಲಿಲ್ಲ. ಕೊನೆಯ ಸಂಪುಟ ಬಂತು, ಓದಿ ಮುಗಿಸಿದೆ, ಇದರ ಜೊತೆಯಲ್ಲೇ ನಿನಗೂ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಎದುರಿನವರ ಬಾಯಿ ತೆರೆಸಿಟ್ಟು ತಾನೊಬ್ಬಳೇ ಮಾತಾಡುವುದು ಹಲ್ಲಿನ ಡಾಕ್ಟರಾದ ನಿನಗೆ ಅಭ್ಯಾಸವಾಗಿಬಿಟ್ಟಿದೆ. ನನಗೆ ಹೇಳುವುದು ಇನ್ನೂ ಒಂದಿದೆ, ಅದು ಅಪ್ಪನ ವಿಷಯ. ನಡುವೆ ಬಾಯಿ ಹಾಕದೆ ನೀನು ಪೂರ್ತಿ ಕೇಳಬೇಕು.

ಮೊದಲ ಸಂಪುಟವನ್ನು ನೀನು ಕಾಲೇಜಿನ ಚೀಲದಲ್ಲಿ ಅಡಗಿಸಿ ತಂದಾಗ ನಿನಗೆ ಹತ್ತೊಂಬತ್ತು, ನನಗೆ ಹದಿನೈದು. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗಿರುವ ಇಬ್ಬರು ಯುವಕರ ಪ್ರೇಮದ ಜಪಾನಿ ಚಿತ್ರಕಥೆ, ಮಾಂಗಾ. ಅವರ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಅದಕ್ಕೇ ಮಾತೇ ಆಡದ ಎತ್ತರದವನನ್ನು ಉದ್ದಣ್ಣ ಎಂದೆವು, ಬಾಯಿ ಮುಚ್ಚದ ಗುಂಗುರು ಕೂದಲಿನವನನ್ನು ಗುಂಗುರು ಎಂದೆವು. ನೀನು ಓದಿದ್ದು ಪ್ರೇಮಕ್ಕಾಗಿ. ನನಗೆ ಅಷ್ಟೇ ಆಗಿರಲಿಲ್ಲ. ಒಬ್ಬ ಗಂಡಸು ಇನ್ನೊಬ್ಬ ಗಂಡಸನ್ನು ಹೀಗೆ ನೋಡುವುದು ಅಚ್ಚಾಗಿ, ಹೊಲಿಗೆ ಹಾಕಿಸಿಕೊಂಡು, ಅಂಗಡಿಯ ಕಪಾಟಿನಲ್ಲಿ ಹಾಡುಹಗಲೇ ಕೂರುತ್ತದೆ ಎನ್ನುವುದೇ ಆ ವಯಸ್ಸಿನಲ್ಲಿ ನನಗೆ ದೊಡ್ಡ ಸಮಾಧಾನ. ಮುಂದೆ ನಾನು ಪ್ರೀತಿಸಿದ ಕನ್ನಡಕದಂಗಡಿಯವನ ವಿಷಯ ನಿನಗೊಬ್ಬಳಿಗೇ ಹೇಳಿದಾಗ, "ನಿನ್ನನ್ನ ಚೆನ್ನಾಗಿ ನೋಡ್ಕೊಳ್ಳದಿದ್ರೆ ಹೇಳು, ಅವನ ದವಡೆ ಹಲ್ಲು ಕೀಳ್ತೀನಿ" ಅಂದಿದ್ದೆ. ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಯಾರೂ ಮಾಡಿಲ್ಲ.

ಹಾಗಂತ ನಾವೇನೂ ಆ ಕಥೆಯ ಕುರುಡು ಭಕ್ತರಾಗಿರಲಿಲ್ಲ. ಎಂಟನೆಯ ಸಂಪುಟದಲ್ಲಿ ಗುಂಗುರುವಿಗೆ ನೆನಪು ಹಾರಿಹೋಯಿತು. ಅದು ಮರಳಿ ಬರುವಷ್ಟರಲ್ಲಿ ನಿನಗೆ ಮದುವೆಯಾಗಿ ಒಂದು ಮಗುವೂ ಆಗಿತ್ತು. ಬಂದ ಹುಡುಗಿಯರೆಲ್ಲ ಒಂದೋ ಅಳುವುದಕ್ಕೆ, ಇಲ್ಲವೇ ಅಡ್ಡ ಬರುವುದಕ್ಕೆ. "ಈ ಕಥೇಲಿ ಹೆಣ್ಣಾಗಿ ಹುಟ್ಟಬಾರದು ಕಣೋ, ಕಣ್ಣು ಮಾತ್ರ ದೊಡ್ಡದು ಬರೀತಾರೆ, ಕೆಲಸ ಏನೂ ಕೊಡಲ್ಲ" ಎಂದು ನೀನು ಸಿಟ್ಟಾಗಿ ಎರಡು ವರ್ಷ ಬಿಟ್ಟೂ ಬಿಟ್ಟಿದ್ದೆ. ಮತ್ತೆ ನಿನ್ನನ್ನು ಎಳೆದು ತಂದಿದ್ದು ಹದಿನಾಲ್ಕನೆಯ ಸಂಪುಟದ ಆ ಹಾಸಿಗೆ ಹೊದಿಕೆಯ ಅಧ್ಯಾಯ. ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಮಹಡಿಯ ಮೇಲೆ ಒಣಗಿದ ಹೊದಿಕೆಯನ್ನು ಎರಡು ತುದಿ ಹಿಡಿದು ಮಡಿಸುತ್ತಾರೆ. ಒಂದೇ ಒಂದು ಮಾತಿಲ್ಲ. ಮಡಿಕೆ ಚಿಕ್ಕದಾದಂತೆ ಇಬ್ಬರೂ ಹತ್ತಿರವಾಗುತ್ತಾರೆ, ಅಷ್ಟೇ. ಓದಿದ ಮೇಲೆ ನೀನು ಫೋನ್ ಮಾಡಿ, ಮೊದಲ ಬಾರಿಗೆ, ಏನೂ ಮಾತಾಡದೆ ಇಟ್ಟುಬಿಟ್ಟಿದ್ದೆ.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಮೊಣಕಾಲಿನ ಆಪರೇಷನ್ ಆದಾಗ ನೀನು ಬಂದು ಒಂದು ವಾರ ಇದ್ದು ಹೋದೆ. ನನ್ನ ಫಜೀತಿ ಶುರುವಾಗಿದ್ದು ಆಮೇಲೆ. ಬದುಕಿಡೀ ಬಸ್ಸು ಓಡಿಸಿದ ಮನುಷ್ಯನನ್ನು ಹಾಸಿಗೆಯಲ್ಲಿ ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ. ಟಿವಿ ಬೇಡ, ರೇಡಿಯೋ ಬೇಡ, ಕಿಟಕಿಯಿಂದ ಕಾಣುವ ಪ್ರತಿ ಚಾಲಕನಿಗೂ ಬೈಗುಳ. ಒಂದು ಸಂಜೆ ಎಕ್ಸ್‌ರೇ ವಿಭಾಗದ ಪಾಳಿ ಮುಗಿಸಿ ಮನೆಗೆ ಬಂದೆ. ವಾಕರ್ ಹಿಡಿದು ನನ್ನ ಕೋಣೆಯ ಕಪಾಟಿನವರೆಗೂ ಹೋಗಿ ಬಂದಿದ್ದ ಅಪ್ಪ ಮೊದಲ ಸಂಪುಟವನ್ನು ಎದೆಯ ಮೇಲೆ ತೆರೆದಿಟ್ಟುಕೊಂಡು ಮಲಗಿದ್ದರು.

"ಇದೇನೋ ಇದು, ಕಥೆ ಹಿಂದುಮುಂದಾಗಿದೆ. ಶುರುವಿನಲ್ಲೇ ಮುತ್ತು ಕೊಡ್ತಾನೆ, ಕೊನೇಲಿ ಬಂದು ನಿನ್ನ ಹೆಸರೇನು ಅಂತಾನೆ" ಅಂದರು.

"ಅದು ಮಾಂಗಾ ಅಪ್ಪ. ಬಲಗಡೆಯಿಂದ ಎಡಕ್ಕೆ ಓದಬೇಕು."

"ಮಂಗ ಎಲ್ಲಿದೆ ಇದರಲ್ಲಿ? ಇಬ್ಬರೂ ಮನುಷ್ಯರ ಹಂಗೇ ಕಾಣ್ತಾರೆ" ಎಂದವರೇ ಪುಸ್ತಕ ತಿರುಗಿಸಿ, ಇನ್ನೊಂದು ತುದಿಯಿಂದ ಶುರು ಮಾಡಿದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ತೊಳೆದ ತಟ್ಟೆಯನ್ನೇ ತೊಳೆಯುತ್ತಾ ನಿಂತೆ.

ಬೈಗುಳ ಬರುತ್ತದೆ ಎಂದು ಕಾದೆ. ಬಂತು, ಆದರೆ ಉದ್ದಣ್ಣನಿಗೆ. ಮೊದಲ ಸಂಪುಟದಲ್ಲಿ ಗುಂಗುರು ಬೇಡ ಬೇಡ ಎನ್ನುತ್ತಿದ್ದರೂ ಅವನು ಕೈ ಹಿಡಿದೆಳೆದು ಮುತ್ತು ಕೊಡುವ ಪುಟವಿದೆಯಲ್ಲ, ನೀನು ಆ ಕಾಲದಲ್ಲಿ ನಿಟ್ಟುಸಿರು ಬಿಟ್ಟ ಪುಟ. ಅಪ್ಪ ಅದನ್ನು ನನ್ನ ಮುಖಕ್ಕೆ ಹಿಡಿದು, "ಬೇಡ ಅಂದಮೇಲೆ ಬೇಡ. ಇವನಿಗೆ ಬುದ್ಧಿ ಹೇಳೋರು ಯಾರೂ ಇಲ್ವಾ?" ಎಂದರು. ಮುಂದೆ ಹತ್ತೊಂಬತ್ತನೆಯ ಸಂಪುಟದಲ್ಲಿ ಅದೇ ಉದ್ದಣ್ಣ, ತಲೆಗೂದಲು ಅಲ್ಲಲ್ಲಿ ನರೆತ ಮೇಲೆ, "ಅವತ್ತು ನೀನು ಬೇಡ ಅಂದಿದ್ದೆ, ನಾನು ಕೇಳಿಸಿಕೊಳ್ಳಲಿಲ್ಲ" ಎಂದು ಕ್ಷಮೆ ಕೇಳಿದಾಗ ಅಪ್ಪ ತಲೆದೂಗಿ, "ತಡವಾಯ್ತು, ಆದ್ರೂ ಕೇಳಿದ" ಅಂದರು. ಬರೆದವಳು ತಾನು ಹಿಂದೆ ಬರೆದದ್ದನ್ನು ತಾನೇ ತಿದ್ದಿಕೊಂಡಳು ಎಂದು ನೀನು ಹೇಳಿದ್ದೆ. ಅಪ್ಪನಿಗೆ ಅದೆಲ್ಲ ಗೊತ್ತಿಲ್ಲ. ಅವರು ಉದ್ದಣ್ಣನನ್ನು ಮನ್ನಿಸಿದರು, ಅಷ್ಟೇ.

ಇನ್ನು ಅವರ ಆಕ್ಷೇಪಣೆಗಳು ಒಂದೇ ಎರಡೇ. ಇವರು ಕೆಲಸಕ್ಕೆ ಯಾವಾಗ ಹೋಗುತ್ತಾರೆ, ಮಳೆಯಲ್ಲಿ ನಿಂತು ಮಾತಾಡುವ ಬದಲು ಸೂರಿನ ಕೆಳಗೆ ಯಾಕೆ ನಿಲ್ಲಬಾರದು, ಒಂದೇ ಮಾತಿನಲ್ಲಿ ಬಗೆಹರಿಯುವ ಜಗಳವನ್ನು ಒಂದು ಇಡೀ ಸಂಪುಟ ಎಳೆಯುವುದೇತಕ್ಕೆ. ನೆನಪು ಹಾರಿಹೋದ ಸಂಪುಟಗಳನ್ನಂತೂ "ತಲೆಗೆ ಇನ್ನೊಂದು ಪೆಟ್ಟು ಕೊಡಿ, ಸರಿಹೋಗುತ್ತೆ" ಎನ್ನುತ್ತಲೇ ಓದಿದರು. ಆದರೆ ಬಿಡಲಿಲ್ಲ. ಊಟ ಕೊಟ್ಟರೆ ಬೆರಳು ಒರೆಸಿಕೊಂಡು ಪುಟ ಮಗುಚುತ್ತಿದ್ದರು.

ಇಪ್ಪತ್ತೊಂದನೆಯದು ಬಂತು. ಗುಂಗುರುವಿನ ಅಪ್ಪ ಮಗನನ್ನು ಮನೆಯಿಂದ ಹೊರಗೆ ಹಾಕಿ, ಹನ್ನೆರಡು ವರ್ಷ ಮಾತು ಬಿಟ್ಟು, ಸಾಯುವ ಮುನ್ನ ಕೈ ಹಿಡಿದು ಒಪ್ಪಿಕೊಳ್ಳುವ ಸಂಪುಟ. ಅದನ್ನು ಓದಿ ನೀನೂ ನಾನೂ ಅತ್ತಿದ್ದೆವು. ಅಪ್ಪ ಅಳಲಿಲ್ಲ. ಕನ್ನಡಕ ತೆಗೆದು, "ಸಾಯೋವಾಗ ಒಪ್ಪಿಕೊಳ್ಳೋಕೆ ಏನು ಧೈರ್ಯ ಬೇಕು? ಬದುಕಿರುವಾಗ ಒಪ್ಪಿಕೊಂಡಿದ್ರೆ ಮಗನ ಜೊತೆ ಕೂತು ಒಂದು ಹೊತ್ತು ಊಟನಾದ್ರೂ ಮಾಡಬಹುದಿತ್ತು. ದಡ್ಡ" ಅಂದರು.

ಆ ಕ್ಷಣ ನನಗೇನಾಯಿತೋ ಗೊತ್ತಿಲ್ಲ. ಅವರ ಕಾಲಿಗೆ ಎಣ್ಣೆ ಸವರುತ್ತಿದ್ದೆ. ತಲೆ ಎತ್ತದೆಯೇ, "ಅಪ್ಪಾ, ನಾನೂ ಗುಂಗುರು ಹಂಗೇ" ಎಂದುಬಿಟ್ಟೆ.

ನನ್ನ ಕೈ ಮಾತ್ರ ನಿಲ್ಲಲಿಲ್ಲ. ಅಪ್ಪ "ಯಾರು?" ಎಂದರು. "ಕನ್ನಡಕದಂಗಡಿಯವನು" ಎಂದೆ. "ನನ್ನ ಮೂಗಿಗೆ ಬಿಗಿಯೋ ಈ ಕನ್ನಡಕ ಕೊಟ್ಟನಲ್ಲ, ಅವನಾ?" "ಹೌದು." ಅಪ್ಪ ಕಾಲು ಎಳೆದುಕೊಂಡು ಗೋಡೆಯ ಕಡೆ ಹೊರಳಿದರು.

ಮರುದಿನ ಮಾತಿಲ್ಲ. ಅದರ ಮರುದಿನವೂ ಇಲ್ಲ. ಮಾತ್ರೆ ಕೊಟ್ಟರೆ ನುಂಗುವರು, ನಡುಮನೆಯ ಉದ್ದಕ್ಕೂ ನಡೆಸಿದರೆ ನಡೆಯುವರು, ನನ್ನ ಕಡೆ ನೋಡರು. ಆಸ್ಪತ್ರೆಯಲ್ಲಿ ಒಬ್ಬರ ಬಲಗೈ ಬದಲು ಎಡಗೈಯ ಚಿತ್ರ ತೆಗೆಯಲು ಹೊರಟಿದ್ದೆ, ಪುಣ್ಯಕ್ಕೆ ಅವರೇ ಎಚ್ಚರಿಸಿದರು. ನಿನಗೆ ಫೋನ್ ಮಾಡಲು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ಹೇಳಿದರೆ ನೀನು ಸಿಕ್ಕಿದ ಬಸ್ಸು ಹತ್ತಿ ಬಂದು ಅಪ್ಪನ ಜೊತೆ ಜಗಳಕ್ಕೆ ನಿಲ್ಲುತ್ತೀಯ ಎಂದು ಗೊತ್ತಿತ್ತು.

ಮೂರನೆಯ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ದನಿ ಬಂತು. "ಮುಂದಿನ ಪುಸ್ತಕ ಎಲ್ಲಿಟ್ಟಿದ್ದೀಯ? ಹೋಗೋಕ್ ಮುಂಚೆ ಕೊಟ್ಟು ಹೋಗು."

ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿದೆ ಅಕ್ಕಾ. ಮಿಕ್ಕಿದ್ದ ನಾಲ್ಕನ್ನೂ ಒಟ್ಟಿಗೆ ತಂದು ಮಂಚದ ಮೇಲಿಟ್ಟೆ. ಅವರು ಪುಸ್ತಕ ನೋಡುತ್ತಾ, "ಚಪ್ಪಲಿ" ಎಂದಷ್ಟೇ ಗದರಿದರು. ಆ ಗದರಿಕೆ ಕೇಳಿದ ಮೇಲೆ ನನ್ನ ಎದೆಯ ಕಲ್ಲು ಇಳಿಯಿತು.

ಆದರೆ ಇಪ್ಪತ್ತೈದನೆಯದು ಹೇಗೆ ಮುಗಿಯಿತೆಂದು ನಿನಗೆ ನೆನಪಿರಬೇಕು. ರೈಲು ನಿಲ್ದಾಣದಲ್ಲಿ ಉದ್ದಣ್ಣ ಎದೆ ಹಿಡಿದುಕೊಂಡು ಕುಸಿಯುತ್ತಾನೆ. ಒಬ್ಬನು ಸಾಯುವುದು ಖಂಡಿತ ಎಂದು ಓದುಗರೆಲ್ಲ ಗೋಳಾಡುತ್ತಿದ್ದರು. ಅಪ್ಪ ಆ ಪುಟವನ್ನು ಮುಚ್ಚಿ, ನನ್ನ ಮುಖ ನೋಡದೆ, "ಇಂಥವರ ಕಥೆ ಯಾವಾಗ್ಲೂ ಹಿಂಗೇನಾ ಮುಗಿಯೋದು?" ಎಂದು ಕೇಳಿದರು. ಅವರು ಕೇಳಿದ್ದು ಪುಸ್ತಕದ ವಿಷಯ ಮಾತ್ರವಲ್ಲ. "ಗೊತ್ತಿಲ್ಲ ಅಪ್ಪ, ಕೊನೇದು ಇನ್ನೂ ಬಂದಿಲ್ಲ" ಎಂದೆ. ಅವತ್ತಿನಿಂದ ಆ ಪುಸ್ತಕ ಬರುವವರೆಗೆ ನನಗೆ ಅನ್ನ ಸೇರಲಿಲ್ಲ ಎಂದರೆ ನಗಬೇಡ. ಎಲ್ಲೋ ಕೂತ ಒಬ್ಬ ಹೆಂಗಸು ಶಾಯಿಯಲ್ಲಿ ಒಂದು ಗೆರೆ ಎಳೆದು ಉದ್ದಣ್ಣನನ್ನು ಕೊಂದರೆ, ನಮ್ಮ ಮನೆಯ ಹಾಸಿಗೆಯಲ್ಲಿ ಮಲಗಿದ ಅಪ್ಪ ನನ್ನ ಬಾಳಿಗೂ ಅದೇ ಗತಿ ಎಂದುಕೊಳ್ಳುತ್ತಾರಲ್ಲ ಎಂಬ ಭಯ.

ಕೊನೆಯ ಸಂಪುಟ ಬಂದ ದಿನವೇ ಪುಸ್ತಕದಂಗಡಿಗೆ ಹೋಗಿ, ನಾವು ಎಂದೂ ಮಾಡಬಾರದೆಂದುಕೊಂಡ ಕೆಲಸ ಮಾಡಿದೆ. ನಿಂತಲ್ಲೇ ಕೊನೆಯ ಪುಟ ತೆರೆದೆ. ಇಬ್ಬರೂ ಹೊಸ ಮನೆಯಲ್ಲಿ ಬೀರುವನ್ನು ಯಾವ ಗೋಡೆಗೆ ಇಡಬೇಕೆಂದು ಜಗಳವಾಡುತ್ತಿದ್ದಾರೆ. ಉದ್ದಣ್ಣನಿಗೆ ಹೊಟ್ಟೆ ಬಂದಿದೆ, ಗುಂಗುರುವಿನ ಗುಂಗುರು ಅರ್ಧ ಉದುರಿದೆ. ಅಷ್ಟೇ. ಕನ್ನಡಕದವನಿಗೆ ಫೋನ್ ಮಾಡಿ "ಬದುಕಿದ್ದಾರೆ" ಎಂದರೆ, ಅವನು ಗಾಬರಿಯಾಗಿ "ಯಾರು, ಅಪ್ಪನಾ?" ಎಂದ.

ದೋಷವಿಲ್ಲದ ಕೊನೆಯೇನಲ್ಲ. ಆ ಎದೆನೋವು ಬರಿಯ ಆಯಾಸವಂತೆ, ಇದು ಓದುಗರ ಕಿವಿಗೆ ಹೂವಿಟ್ಟಂತೆ. ಮದುವೆಯ ಅಧ್ಯಾಯದಲ್ಲಿ ಹೂದಳ ಎಷ್ಟು ಉದುರಿದೆಯೆಂದರೆ ಮುಖಗಳೇ ಕಾಣುವುದಿಲ್ಲ. ಮೊದಲು ಅಳುವುದಕ್ಕೆಂದೇ ತಂದು ಕಳಿಸಿದ್ದ ಹುಡುಗಿಯರಲ್ಲಿ ಒಬ್ಬಳು ಈಗ ಸ್ವಂತ ಬೇಕರಿ ಇಟ್ಟು ಎರಡು ಪುಟದಲ್ಲಿ ನಗುತ್ತಾಳೆ. ಎರಡೇ ಪುಟ ಎಂದು ನೀನು ಗೊಣಗುತ್ತೀಯ, ಗೊಣಗು. ಆದರೂ ನನಗೆ ಇದರ ಮೇಲೆ ದೂರಿಲ್ಲ. ಒಬ್ಬರನ್ನೂ ಕೊಲ್ಲದೆ ಇಬ್ಬರಿಗೂ ವಯಸ್ಸಾಗಲು ಬಿಟ್ಟಳಲ್ಲ, ಆ ಧೈರ್ಯ ಸಾಕು.

ಅಪ್ಪ ಒಂದೇ ಪಟ್ಟಿಗೆ ಕೂತು ಓದಿ ಮುಗಿಸಿದರು. "ಪರವಾಗಿಲ್ಲ. ಸ್ವಲ್ಪ ಎಳೆದಿದ್ದಾಳೆ" ಎಂದರು. ಪುಸ್ತಕ ಪಕ್ಕಕ್ಕಿಟ್ಟು, "ಭಾನುವಾರ ಅವನಿಗೆ ರಜಾನಾ?" ಎಂದು ಕೇಳಿದರು.

ಭಾನುವಾರ ಕನ್ನಡಕದವನು ಬಂದ. ಬಾಗಿಲಲ್ಲಿ ನಿಂತು ಬೆವರುತ್ತಿದ್ದ, ಪಾಪ. ಊಟದ ಮಧ್ಯೆ ಇಬ್ಬರೂ ಮಾತಾಡಿದ್ದೆಲ್ಲ ಹಳೆಯ ಬಸ್ಸುಗಳ ಬ್ರೇಕಿನ ವಿಷಯ. ಅವನಿಗೆ ಬ್ರೇಕಿನ ಗಂಧಗಾಳಿಯೂ ಇಲ್ಲ, ಆದರೂ ಹೂಂಗುಟ್ಟಿದ. ಊಟವಾದ ಮೇಲೆ ಪಕ್ಕದ ಮನೆಯ ಆಂಟಿ ಅಪ್ಪನ ಆರೋಗ್ಯ ವಿಚಾರಿಸಲು ಬಂದು, ಹೊಸ ಮುಖ ನೋಡಿ, "ಇವರು ಯಾರು?" ಎಂದರು.

"ನಮ್ಮ ಹುಡುಗನ ಜೊತೆಗಾರ" ಎಂದರು ಅಪ್ಪ.

"ಓ, ವ್ಯಾಪಾರದಲ್ಲಾ?"

"ಅಲ್ಲಮ್ಮ. ಬಾಳಿನಲ್ಲಿ. ಕೂತ್ಕೊಳ್ಳಿ, ಕಾಫಿ ಕುಡಿದು ಹೋಗಿ."

ಇಷ್ಟೇ ಅಕ್ಕಾ ನಾನು ಹೇಳಬೇಕಾಗಿದ್ದು. ಈಗ ನೀನು ಬಾಯಿ ಹಾಕಬಹುದು.

ನಿನ್ನ ಮನೆಯಲ್ಲಿ ನಗು ಬತ್ತದಿರಲಿ, ನಿನ್ನ ಮಗಳಿಗೆ ಮನಸ್ಸಿಗೊಪ್ಪುವ ಕಥೆಗಳು ಸಿಗುತ್ತಲೇ ಇರಲಿ.

ಹಗುರಾಗಿ ಉಸಿರಾಡುತ್ತಿರುವ,
ನಿನ್ನ ತಮ್ಮ