ಕಲ್ಲಿನ ಕೈ ಹಿಡಿದವಳು

ಅಂಬಾಜಿದುರ್ಗದ ಕೆಳಗಿನ ಹಳ್ಳಿ,
ಚಿಂತಾಮಣಿ ತಾಲ್ಲೂಕು
೧೨-೯-೧೯೫೮

ಚಿರಂಜೀವಿ ವೆಂಕಟರವಣಪ್ಪನಿಗೆ ಅಕ್ಕ ಗಂಗುಲಮ್ಮನ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೋಪ ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ನಿನ್ನ ಭಾವ ಸೌಖ್ಯವಾಗಿದ್ದಾರೆ. ರಾಗಿ ಪೈರು ಚೆನ್ನಾಗಿ ಬಂದಿದೆ. ಶಾಂತಕುಮಾರಿಯ ಬಲಗೈ ಊತ ಇಳಿದಿದೆ.

ಅವಳು ಹೇಗಿದ್ದಾಳೆಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ನಿಮ್ಮ ಕಚೇರಿಯ ಅಮಲ್ದಾರರ ಜೊತೆ ನಮ್ಮೂರಿಗೆ ಬಂದ ದಿನ ನೀನು ನೋಡಿದ್ದು ಕಡೆಯ ಭಾಗ ಮಾತ್ರ.

ಮಂಟಪದಲ್ಲಿ ನೀನು ನೋಡಿದ ಆ ವಿಗ್ರಹ ಕೆರೆಯ ಹೂಳಿನಲ್ಲಿ ಸಿಕ್ಕಿದ್ದು ನಿನ್ನ ಭಾವನ ಗುದ್ದಲಿಗೆ. ನಮ್ಮ ಕೇರಿಯ ಗಂಡಸರೇ ಹಗ್ಗ ಕಟ್ಟಿ ಎಳೆದು ತೊಳೆದರು. ಆಗ ಅದು ಯಾರಿಗೂ ಬೇಕಿರಲಿಲ್ಲ. ಬೇಸಿಗೆಯೆಲ್ಲ ಕೆರೆ ಏರಿಯ ಮೇಲೆ ಬಿದ್ದಿತ್ತು. ಸಿಡುಬಿನಲ್ಲಿ ಕಣ್ಣು ಕಳೆದುಕೊಂಡ ನನ್ನ ಮಗಳು ಶಾಂತಿ ದಿನವೂ ಅದರ ಪಕ್ಕ ಕೂತು ಅಂಗೈ ಆಡಿಸುತ್ತಿದ್ದಳು. "ಅಮ್ಮಾ, ಇವಳಿಗೆ ಬಳೆ ಐತೆ. ಜಡೇಲಿ ಹೂವ ಐತೆ. ಒಂದು ಕಾಲು ಎತ್ತವ್ಳೆ, ಕುಣೀತವ್ಳೆ ಕಣಮ್ಮಾ!" ಎಂದಳು ಒಂದು ದಿನ. ಅದರ ತುಟಿ ಸವರಿ, ಆಮೇಲೆ ನನ್ನ ತುಟಿ ಸವರಿ, "ನೀನ್ಯಾಕೆ ಹಿಂಗೆ ನಗಲ್ಲ?" ಎಂದು ಕೇಳಿದಳು. ಕಣ್ಣು ಹೋದ ಮೇಲೆ ಆ ಮಗು ಅಷ್ಟು ಸಂತೋಷವಾಗಿದ್ದುದನ್ನು ನಾನು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಪಟೇಲ ಜಯರಾಮಪ್ಪನ ಕನಸಿನಲ್ಲಿ ದೇವಿ ಬಂದಳಂತೆ! ಮಂಟಪ ಎದ್ದಿತು. ಅದಕ್ಕೆ ಕಲ್ಲು ಹೊತ್ತವರೂ ನಮ್ಮವರೇ. ನೀವು ಬಂದಿದ್ದ ಆ ಪ್ರತಿಷ್ಠೆಯ ದಿನ ಶಾಂತಿ ಜನರ ಸಂದಿಯಲ್ಲಿ ನುಗ್ಗಿ ಹೋಗಿ ಆ ಕಲ್ಲಿನ ಕೈ ಹಿಡಿದಳು. ಅಷ್ಟಕ್ಕೇ ಪಟೇಲ ಬೆತ್ತದಿಂದ ಬಾರಿಸಿದ. "ಯಾವ್ಳೇ ಇವ್ಳು? ಎಲ್ಲಾ ಮೈಲಿಗೆ ಮಾಡಿಬಿಟ್ಳು!" ಹೂಳಿನಿಂದ ಎತ್ತುವಾಗ ತಟ್ಟದ ಮೈಲಿಗೆ ಕುರುಡು ಮಗುವಿನ ಬೆರಳಿನಿಂದ ತಟ್ಟಿತೇ? ಅಸ್ಪೃಶ್ಯತೆ ಅಪರಾಧ, ಕಾನೂನು ಬಂದಿದೆ ಎಂದು ಮಂಚೇನಹಳ್ಳಿಯಲ್ಲಿ ಅಮ್ಮನ ಜಗುಲಿಯ ಮೇಲೆ ಕೂತು ನಮಗೆಲ್ಲ ಓದಿ ಹೇಳಿದವನು ನೀನೇ ಅಲ್ಲವೇ?

ಮಾರನೆಯ ಬೆಳಿಗ್ಗೆ ಅವಳನ್ನು ಕರೆದುಕೊಂಡು ನಾನೇ ಮಂಟಪದೊಳಕ್ಕೆ ಹೋದೆ. ಪಟೇಲ ಓಡಿಬಂದು, "ಏಯ್, ಪೊಲೀಸ್ರನ್ನ ಕರೆಸ್ತೀನಿ!" ಎಂದು ಕೂಗಿದ.

"ಕರೆಸಪ್ಪ. ಮಗೀಗೆ ಹೊಡ್ದೋರಿಗೆ ಏನು ಶಿಕ್ಷೆ ಅಂತ ನಾನೂ ಅವರ್ನೇ ಕೇಳ್ಬೇಕು. ಇಲ್ಲೇ ಕೂತಿರ್ತೀನಿ" ಎಂದೆ. ಕೇರಿಯವರೆಲ್ಲ ಬಂದು ನನ್ನ ಹಿಂದೆ ನಿಂತರು. ಪಟೇಲ ಪಕ್ಕಕ್ಕೆ ಸರಿದ.

ಶಾಂತಿ ಮುಟ್ಟಿದಳು. ವಿಗ್ರಹಕ್ಕೆ ಮೈತುಂಬ ಸೀರೆ ಸುತ್ತಿದ್ದರು. ಮುಖಕ್ಕೆ ದಪ್ಪಗೆ ಎಣ್ಣೆ, ಅರಿಶಿನ ಮೆತ್ತಿದ್ದರು. ಬಹಳ ಹೊತ್ತು ಹುಡುಕಿದಳು. "ಬಾಮ್ಮಾ, ಮನೆಗೋಗಣ. ಕಾಲೂ ಸಿಗ್ತಿಲ್ಲ, ನಗೂನೂ ಸಿಗ್ತಿಲ್ಲ." ಗೆದ್ದು ಬಂದ ನಾನು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದೆ.

ನಿನಗೆ ನೌಕರಿಯಲ್ಲಿ ಏಳಿಗೆಯಾಗಲಿ, ಮೈ ಚೆನ್ನಾಗಿ ನೋಡಿಕೋ. ಅಮ್ಮನಿಗೆ ಇದೇನೂ ತಿಳಿಸಬೇಡ.

ನಿನ್ನ ಅಕ್ಕ,
ಗಂಗುಲಮ್ಮ

ತಾ.ಕ.: ಅಂದು ಬೆತ್ತದ ಏಟು ಬಿದ್ದ ಮೇಲೆ ಅಮಲ್ದಾರರು "ಯಾರ ಮಗು ಇದು?" ಎಂದಾಗ ನೀನು, "ಗೊತ್ತಿಲ್ಲ ಸಾರ್, ಯಾರೋ ಕೇರಿಯವರದ್ದಿರಬೇಕು" ಎಂದೆ. ಜನರ ಹಿಂದೆ ನಿಂತು ಕೇಳಿಸಿಕೊಂಡೆ. ನನಗೊಬ್ಬಳಿಗೇ ಕೇಳಿಸಿತೆಂದುಕೊಂಡಿದ್ದೆ. ನಿನ್ನೆ ನಿನ್ನ ಕಾಗದ ಓದಿ ಹೇಳಿದಾಗ ಶಾಂತಿ ಅಂದಳು: "ಮಾವನ ದನಿ ನಂಗೆ ಗೊತ್ತಾಯ್ತು ಕಣಮ್ಮಾ. ಮಾವನಿಗೆ ನಾನ್ಯಾಕೆ ಗೊತ್ತಾಗ್ಲಿಲ್ಲ?" ನೀನೇ ಬಂದು ಅವಳಿಗೆ ಹೇಳು. ಹಗಲು ಹೊತ್ತಿನಲ್ಲೇ ಬಾ.