ಕಂಬಳಿಗೆ ಹೊಲಿದ ಹಾಳೆ

ಅಪ್ಪಾ,

ಇದನ್ನು ನಿಂತಲ್ಲೇ ಓದು. ಕಾಮಣ್ಣ ಮಾವ ಬೀಳಗಿ ಬಸ್ಸು ಹತ್ತುತ್ತಿದ್ದಾನೆ. ಬಾಯಿಮಾತಿನಲ್ಲಿ ಹೇಳಿದರೆ ಅರ್ಧ ಮರೆಯುತ್ತಾನೆಂದು ಬರೆದು ಕೊಟ್ಟಿದ್ದೇನೆ.

ಕುರಿಯ ಹಿಂದೆ ಹೋದಾಗಲೂ ನಿನ್ನ ಫೋನ್ ಬಂದ್ ಆಗದಿರಲೆಂದು ನಮ್ಮ ಪ್ರಯೋಗಾಲಯದ ಸೋಲಾರ್ ಹಾಳೆ ತಂದುಕೊಟ್ಟೆನಲ್ಲ, ಅದನ್ನು ಯಾರನ್ನೂ ಕೇಳದೆ ತಂದಿದ್ದೆ. ಕರೆಂಟು ಹೊರತರುವ ಗ್ರಾಫೀನ್ ಪದರ ಎಷ್ಟು ಮಡಚಿದರೂ ಮುರಿಯುವುದಿಲ್ಲ ಎಂದಿದ್ದೆ. ಅದು ಖರೆ. ಅದರ ಕೆಳಗಿನ ಪದರದಲ್ಲಿ ಸೀಸವಿದೆ, ಅದು ವಿಷ ಎಂದು ಮಾತ್ರ ಹೇಳಿರಲಿಲ್ಲ. ಕಂಬಳಿಗೆ ಅಂಟಿಸು ಎಂದರೆ ನೀನು ದಬ್ಬಣ ಹಾಕಿ ಹೊಲಿದೆ. "ಅಂಟಿನ್ಯಾಗ ಏನೈತಿ ಬೇ, ಹೊಲದ್ರ ಗಟ್ಟಿ" ಎಂದೆ ನೀನು. ನಾನೂ ನಕ್ಕುಬಿಟ್ಟೆ.

ಮೂರು ದಿನದಿಂದ ಅಲ್ಲಿ ಮಳೆ. ಮೂರು ದಿನದಿಂದ ನಿನ್ನ ಫೋನ್ ಬಂದ್. ದಬ್ಬಣದ ತೂತುಗಳಿಂದ ನೀರು ಹೋಗಿ ಸೀಸ ಕಂಬಳಿಗೆ ಇಳಿದಿರಬೇಕು.

ಕಂಬಳಿ ಒಗೆಯಬೇಡ, ಸುಡಬೇಡ. ಬೀರೇಶ್ವರನ ಮುಂದೆ ಹಾಸಿದ್ದೆಂದು ಇಟ್ಟುಕೊಳ್ಳಲೂ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾವನ ಕೈಗೆ ಕೊಡು. ಕೈ ಸಾಬೂನು ಹಚ್ಚಿ ತೊಳೆದುಕೊ. ಇಲ್ಲಿ ಪ್ರಯೋಗಾಲಯದ ಸರ್‌ಗೆ ಇವತ್ತೇ ಎಲ್ಲ ಹೇಳುತ್ತೇನೆ. ನನ್ನನ್ನು ಇಟ್ಟುಕೊಳ್ಳಲಿಕ್ಕಿಲ್ಲ, ಇರಲಿ.

ತಂಗಿ ಶೈಲಾಳ ಕೂಸನ್ನು ಅದೇ ಕಂಬಳಿಯಲ್ಲಿ ಮಲಗಿಸುತ್ತೀರಲ್ಲ. ಅದು ಅಂಚು ಚೀಪುತ್ತದೆ, ನಾನೇ ನೋಡಿದ್ದೇನೆ. ಈ ಮೂರು ದಿನವೂ ಅದರಲ್ಲೇ ಮಲಗಿತ್ತೇ? ಮಲಗಿದ್ದರೆ ಈಗಲೇ ಬಾಗಲಕೋಟೆಗೆ ಕರೆದೊಯ್ದು ಡಾಕ್ಟರಿಗೆ ಈ ಚೀಟಿ ತೋರಿಸು. ಮಾವನ ಫೋನಿನಿಂದ ನನಗೆ ಹೇಳು. ನಾನು ಅಳುತ್ತೇನೆಂದು ಸುಳ್ಳು ಹೇಳಬೇಡ.

ಫೋನು ಕೈಯಲ್ಲೇ ಹಿಡಿದು ಕೂತಿರುವ,
ನಿನ್ನ ಪೂನಮ್