ಅಳೆಯದ ಕೋಣೆ

ಅಣ್ಣ,

ನೀನು ನಮಗೆ ದ್ರೋಹ ಮಾಡಿದೆ. ಹಳೆಯ ವಾಚನಾಲಯವನ್ನು ಉಳಿಸಲೆಂದು ನಾವಿಬ್ಬರೂ ಹನ್ನೊಂದು ದಿನ ಲೇಸರ್ ಯಂತ್ರ ಹೊತ್ತು ಅಳೆದೆವು. ಆ ಅಳತೆಯಿಂದ ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಯನ್ನೇ ಮುಂದಿಟ್ಟು, ‘ದಾಖಲೆ ಪೂರ್ಣವಾಗಿದೆ, ಕಟ್ಟಡ ಕೆಡವಬಹುದು’ ಎಂದು ನೀನು ಸಹಿ ಹಾಕಿದೆ.

ಇವತ್ತಿನ ವಿಚಾರಣೆಗೆ ನೀನು ಬರಲಿಲ್ಲ. ಅಧಿಕಾರಿ ಮಾದರಿಯನ್ನು ಪರದೆಯ ಮೇಲೆ ಬುಗುರಿಯಂತೆ ತಿರುಗಿಸಿದರು. “ನೋಡಮ್ಮ, ಕಿಟಕಿ, ಮೆಟ್ಟಿಲು, ಎಲ್ಲಾ ಇದೆ. ಇನ್ನೇನು ಬೇಕು?”

“ಸರಿ ಸ್ವಾಮಿ, ನಾಳೆಯಿಂದ ಇದರೊಳಗೇ ಕೂತು ಪೇಪರ್ ಓದ್ತೀವಿ,” ಎಂದರು ನಮ್ಮ ಮುದಿ ಗ್ರಂಥಪಾಲಕರು. “ಒಂದು ಫ್ಯಾನ್ ಹಾಕಿಸಿಕೊಡಿ.”

ಎಲ್ಲರೂ ನಕ್ಕರು. ನನ್ನ ಕಣ್ಣು ಪರದೆಯಲ್ಲಿದ್ದ ಮಹಡಿಯ ಮೂಲೆಕೋಣೆಯ ಮೇಲಿತ್ತು. ಬೀಗದ ಕೈ ಸಿಗದೆ ನಾವು ಆ ಕೋಣೆಯೊಳಗೆ ಹೋಗಲೇ ಇಲ್ಲ. ನೀನು ಪಕ್ಕದ ಕೋಣೆಯನ್ನೇ ನಕಲು ಮಾಡಿ ಅಲ್ಲಿ ಅಂಟಿಸಿದ್ದೆ. “ಸದ್ಯಕ್ಕೆ ಜಾಗ ತುಂಬಿದ್ದೀನಿ ಕಣೇ, ಆಮೇಲೆ ಸರಿಮಾಡ್ತೀನಿ,” ಅಂದಿದ್ದೆ. ನಾನು ಸುಮ್ಮನಿದ್ದೆ.

ಇವತ್ತು ಸುಮ್ಮನಿರಲಿಲ್ಲ. ಎದ್ದು ಎಲ್ಲವನ್ನೂ ಹೇಳಿದೆ, ನಿನ್ನ ಹೆಸರನ್ನೂ ಹೇಳಿದೆ. ಕೋಣೆಯನ್ನು ನೋಡುವವರೆಗೆ ಕೆಡಹುವುದನ್ನು ನಿಲ್ಲಿಸಿದ್ದಾರೆ.

ಹೊರಗೆ ಬಂದಾಗ ಗ್ರಂಥಪಾಲಕರು ಕೇಳಿದರು: “ಅಳೆದುಬಿಟ್ರೆ ಯಾರೂ ಮುಟ್ಟೋಕಾಗಲ್ಲ ಅಂತ ನೀನೇ ಹೇಳಿದ್ದೆ ಅಲ್ವೇನಮ್ಮ?” ಹೌದು, ಯಾವುದೋ ಕರಪತ್ರದಲ್ಲಿ ಓದಿದ್ದನ್ನು ನಂಬಿ ನಾನೇ ಹಾಗೆ ಹೇಳಿದ್ದೆ.

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ; ಕೊನೆಯ ಮೂರು ಸಾಲು ಮಾತ್ರ ಕಳಿಸುತ್ತೇನೆ. ಬೀಗ ಒಡೆದ ಮೇಲೆ ಆ ಕೋಣೆಯನ್ನು ಕೈಯಾರೆ ಅಳೆಯಬೇಕು. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.